ಒಂದೇ ಹಾಡು, ಎರಡು ತಟ್ಟೆ

ಒಂದೇ ಹಾಡಿನ ಎರಡು ತಟ್ಟೆಗಳನ್ನು ಹಣ ತೆತ್ತು ತರುವವನನ್ನು ಕಂಡು ಮನೆಯವರು ನಗುವುದು ಸಹಜವೇ. ಸೀರೆಯಾದರೆ ಅಂಚು ಬೇರೆ ಎನ್ನಬಹುದು; ಹಾಡಿಗೆ ಅಂಚೆಲ್ಲಿ? ಆದರೂ ಪಾಶ್ಚಾತ್ಯ ದೇಶಗಳಲ್ಲಿ ಇದೊಂದು ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಐವತ್ತು ಅರುವತ್ತು ವರ್ಷಗಳ ಹಿಂದಣ ರಾಕ್ ಸಂಗೀತದ ಹೆಸರಾಂತ ತಟ್ಟೆಗಳನ್ನು ಕಂಪೆನಿಯವರು ಮೂಲ ಟೇಪುಗಳಿಂದ ಬೇರೆ ಹದದಲ್ಲಿ ಸಿದ್ಧಗೊಳಿಸಿ ವಿನೈಲಿನಲ್ಲಿ ಮತ್ತೆ ಅಚ್ಚುಹಾಕಿಸುತ್ತಾರೆ. ಹಳೆಯದನ್ನು ಇಟ್ಟುಕೊಂಡವರೇ ಹೊಸದನ್ನೂ ಕೊಳ್ಳುತ್ತಾರೆ. ಇದನ್ನು ಬರಿಯ ಮರುಳೆಂದು ತಳ್ಳಿಬಿಡುವ ಮುನ್ನ ವಾಚಕರು ಇದರ ಮರ್ಮವನ್ನು ತುಸು ಅರಿಯಬೇಕೆಂದು ನಮ್ಮ ಬಯಕೆ. ಏಕೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಮನೆಗಳ ಅಟ್ಟದ ಮೇಲೆ ಗ್ರಾಮಫೋನು ಪ್ಲೇಟುಗಳ ಪೆಟ್ಟಿಗೆಯೇನಾದರೂ ಉಳಿದಿದ್ದರೆ, ಈ ಮಾತು ಅದಕ್ಕೂ ಸಲ್ಲುತ್ತದೆ.

ಕಂಠ, ವಾದ್ಯ, ತಾಳಗಳನ್ನು ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ ಹಿಡಿದಿಟ್ಟು, ಯಾವುದು ಎಷ್ಟು ಕೇಳಬೇಕೆಂದು ನಿರ್ಣಯಿಸಿ ಬೆರೆಸುವುದಕ್ಕೆ ಮಿಕ್ಸ್ ಎಂದು ಹೆಸರು. ಸಾಮಾನು ಅವೇ ಆದರೂ ಇಬ್ಬರು ಅಡಿಗೆಯವರ ಸಾರು ಒಂದೇ ಆಗದು. ಇಂಗ್ಲೆಂಡಿನ ಬೀಟಲ್ಸ್ ತಂಡದವರ ‘ಸಾರ್ಜೆಂಟ್ ಪೆಪರ್ಸ್’ ಎಂಬ 1967ರ ತಟ್ಟೆಗೆ ಮೊದಲಿನಿಂದಲೂ ಎರಡು ಮಿಕ್ಸ್‌ಗಳಿದ್ದವು: ಧ್ವನಿಯೆಲ್ಲ ಒಂದೇ ದಾರಿಯಲ್ಲಿ ಬರುವ ಮೋನೊ, ಎಡಬಲಕ್ಕೆ ಹಂಚಿದ ಸ್ಟೀರಿಯೊ. ಮೋನೊ ಸಿದ್ಧವಾಗುವಾಗ ತಂಡದವರೇ ಕುಳಿತು ಆಸ್ಥೆವಹಿಸಿದರು. ಸ್ಟೀರಿಯೊ ಕೆಲಸ ಅವರಿಲ್ಲದೆಯೇ ಮುಗಿಯಿತು. ಮನೆಬಿಟ್ಟು ಹೋದ ಮಗಳೊಬ್ಬಳನ್ನು ಕುರಿತ ಹಾಡೊಂದು ಅದರಲ್ಲಿದೆ. ಮೋನೊದಲ್ಲಿ ಅದು ಬೇಗ ಓಡುತ್ತದೆ, ಶ್ರುತಿಯೂ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು ಮೇಲಿದೆ. ಆ ಮೋನೊ ತಟ್ಟೆ 2014ರಲ್ಲಿ ಮತ್ತೆ ವಿನೈಲಿನಲ್ಲಿ ಬಂದಿತು. 2017ರಲ್ಲಿ, ಮೂಲ ನಿರ್ಮಾಪಕ ಜಾರ್ಜ್ ಮಾರ್ಟಿನ್ನರ ಮಗ ಜೈಲ್ಸ್ ಮಾರ್ಟಿನ್ನರು ಮೋನೊವನ್ನೇ ಮಾದರಿಯಾಗಿಟ್ಟುಕೊಂಡು ಹೊಸ ಸ್ಟೀರಿಯೊ ಮಿಕ್ಸನ್ನು ಮಾಡಿದರು. ಮೂರನ್ನೂ ಇಟ್ಟುಕೊಂಡವನು ಮೂರು ಬೇರೆ ಹಾಡುಗಳನ್ನು ಕೇಳುತ್ತಾನೆಂದರೆ ಅತಿಶಯೋಕ್ತಿಯಲ್ಲ.

ಒಂದು ಮನೆಯ ಶ್ರುತಿಭೇದವೆಂದರೇನೆಂದು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರೀತೀರದ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಪ್ರಸಿದ್ಧ, ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅಂಥ ಕಿವಿಗಳಿಗೆ ಹಳೆಯ ಅರಗಿನ ತಟ್ಟೆಗಳ ಕಥೆ ಇನ್ನೂ ಸ್ವಾರಸ್ಯವಾದುದು. ನಿಮಿಷಕ್ಕೆ 78 ಸುತ್ತೆಂಬ ಕಟ್ಟುಪಾಡು ನೆಲೆಗೊಳ್ಳುವ ಮುನ್ನ ಕಂಪೆನಿಗಳು ಮನಬಂದ ವೇಗದಲ್ಲಿ ಧ್ವನಿ ಹಿಡಿಯುತ್ತಿದ್ದವು. 74ರ ವೇಗದಲ್ಲಿ ಹಿಡಿದ ಹಾಡನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಮೆ ಒಂದು ಮನೆ ಏರುತ್ತದೆ. ಕಂಠ ಎಳೆಯದಾಗುತ್ತದೆ, ಗಮಕದ ಗಾಂಭೀರ್ಯ ಕೆಡುತ್ತದೆ. ಇದನ್ನು ಗಮನಿಸದೆ ಮರುಮುದ್ರಣ ಮಾಡಿದವರು ಆ ವಿದ್ವಾಂಸರದಲ್ಲದ ಕಂಠವನ್ನು ಅವರ ಹೆಸರಿನಲ್ಲಿ ಮಾರಿದಂತಾಯಿತು.

1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿಕೊಟ್ಟ ಗೌಹರ್ ಜಾನ್‌ರವರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜರ್ಮನಿಯ ಕಾರ್ಖಾನೆಯವರಿಗೆ ಚೀಟಿ ಅಂಟಿಸಲು ಗುರುತು ಬೇಕಾಗಿತ್ತೆಂದು ಅದಕ್ಕೆ ಕಾರಣ ಹೇಳುತ್ತಾರೆ. ಆಕೆ ಕಡೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅಂಥ ಕೂಗನ್ನು ಕತ್ತರಿಸಿ ‘ಶುದ್ಧಗೊಳಿಸಿದ’ ಪ್ರತಿ ನಮಗಂತೂ ಬೇಡ.

ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷ. ಆದುದರಿಂದ ಗಾಯಕರು ಆಲಾಪನೆಯನ್ನು ಕಿರಿದುಗೊಳಿಸಿದರು, ಚರಣಗಳನ್ನು ಬಿಟ್ಟರು. ಚಲನಚಿತ್ರದ ಹಾಡುಗಳಿಗೂ ಇದೇ ಗತಿ: ಚಿತ್ರದಲ್ಲಿದ್ದ ಚರಣ ತಟ್ಟೆಯಲ್ಲಿರದು, ಕೆಲವೊಮ್ಮೆ ತಟ್ಟೆಗೆಂದೇ ಮತ್ತೆ ಹಾಡಿಸುತ್ತಿದ್ದುದೂ ಉಂಟು. ಬಿ. ಎಸ್. ರಾಜಯ್ಯಂಗಾರ್ಯರ ‘ಜಗದೋದ್ಧಾರನ’ ತಟ್ಟೆಯನ್ನು ಕೇಳಿ ಬೆಳೆದ ಹಿರಿಯರಿಗೆ ಆ ದೇವರನಾಮವೆಂದರೆ ಆ ಅಳತೆ, ಆ ಕಂಠವೇ. ಬೇರೆ ಯಾರು ಹಾಡಿದರೂ ಅದು ‘ಇನ್ನೊಂದು’. ಫೋನಿನಲ್ಲಿ ಹಾಡು ಸಿಗುತ್ತದೆ, ತಟ್ಟೆಯೇಕೆ ಎಂದು ಅಟ್ಟ ಬರಿದುಮಾಡುವ ಮಕ್ಕಳು ಇದನ್ನು ತಿಳಿದಿರಬೇಕು. ಫೋನಿನಲ್ಲಿ ಸಿಗುವುದು ಯಾವ ಪ್ರತಿಯೋ, ಯಾವ ವೇಗದ್ದೋ! ಗುಜರಿಯವನಿಗೆ ತೂಕದ ಮೇಲೆ ಕೊಟ್ಟ ತಟ್ಟೆಯಲ್ಲಿದ್ದ ಪಾಠ ಮತ್ತೆಲ್ಲಿಯೂ ಇಲ್ಲದಿರಬಹುದು.

ಹಾಗೆಂದು ಮರುಮುದ್ರಣಗಳೆಲ್ಲವೂ ಕೊಳ್ಳತಕ್ಕವೆಂದು ನಾವು ಹೇಳುವುದಿಲ್ಲ. ಮೋನೊ ಧ್ವನಿಯನ್ನೇ ಯಂತ್ರದಿಂದ ಎಡಬಲಕ್ಕೆ ಸೀಳಿ ಸ್ಟೀರಿಯೊ ಎಂದು ಮಾರಿದ ತಟ್ಟೆಗಳು ಹಿಂದೆ ಬಹಳ ಬಂದವು. ಅವು ನೀರು ಬೆರೆಸಿದ ಹಾಲು. ಹೊಸ ತಟ್ಟೆಗಳ ಬೆಲೆಯೂ ಗೃಹಸ್ಥನ ಕೈಗೆ ಭಾರವೇ. ಮನೆಯಲ್ಲಿ ಇರುವುದನ್ನು ಮೊದಲು ಕಾಪಾಡಿಕೊಂಡರೆ ಕಾಸಿನ ಖರ್ಚಿಲ್ಲ.

ಅರಗಿನ ತಟ್ಟೆ ಬಿದ್ದರೆ ಒಡೆಯುತ್ತದೆ, ಒಂದರ ಮೇಲೊಂದು ಪೇರಿಸಿದರೆ ಸೀಳುತ್ತದೆ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಸ್ಪಿರಿಟಿನಿಂದ ಎಂದಿಗೂ ಒರಸಬಾರದು, ಅರಗು ಕರಗುತ್ತದೆ. ಮಳೆಗಾಲದಲ್ಲಿ ಬೂಷ್ಟು ಬಂದರೆ ಒಣಗಿದ ಮೆದು ಬಟ್ಟೆ ಸಾಕು. ಹಳೆಯ ತಟ್ಟೆಯ ಗೀರು ಅಗಲವಾದುದರಿಂದ ಈಗಿನ ಎಲ್‌ಪಿಯ ಮುಳ್ಳನ್ನು ಅದರ ಮೇಲಿಡಕೂಡದು. ಹಳೆಯ ಉಕ್ಕಿನ ಮುಳ್ಳಾದರೆ ಪ್ರತಿಯೊಂದು ಮಗ್ಗುಲಿಗೂ ಹೊಸದು ಬೇಕು. ನಡುವಣ ಚೀಟಿಯ ಸುತ್ತ ಬರಿದಾದ ಬಳೆಯಲ್ಲಿ ಸಣ್ಣ ಅಂಕಿಗಳಿರುತ್ತವೆ. ಹಾಡು ಒಂದೇ ಇದ್ದು ಈ ಅಂಕಿ ಬೇರೆಯಾಗಿದ್ದರೆ ಅದು ಇನ್ನೊಂದು ಸಲ ಹಾಡಿಸಿದ್ದಿರಬಹುದು; ಎರಡನ್ನೂ ಉಳಿಸತಕ್ಕದ್ದು. ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದು, ತಟ್ಟೆಯನ್ನು ಯಾರು, ಎಲ್ಲಿ ಕೊಂಡರೆಂಬುದು ಮನೆಯ ಅಜ್ಜಿಗೆ ನೆನಪಿದ್ದರೆ ಅದನ್ನೂ ಕೇಳಿ ಬರೆದು, ಲಕೋಟೆಗೆ ಅಂಟಿಸಿಡಬೇಕು. ಗೋಂದು ಮಾತ್ರ ತಟ್ಟೆಗೆ ತಾಗಬಾರದು.