ನೆಟ್ಟಗೆ ನಿಂತ ಒಂದು ಗೆರೆ

ಹಳೆಯ ಪ್ಯಾಕ್-ಮ್ಯಾನ್ ಯಂತ್ರಕ್ಕೆ ನಾಣ್ಯ ಹಾಕಿದಾಗ ಸಂಗೀತವೇನೋ ಕೇಳುತ್ತದೆ. ಆದರೆ ಪರದೆಯ ಮೇಲೆ ಚಕ್ರವ್ಯೂಹವೂ ಇಲ್ಲ, ಭೂತಗಳೂ ಇಲ್ಲ; ನೆಟ್ಟಗೆ ನಿಂತ ಒಂದೇ ಒಂದು ಪ್ರಖರವಾದ ಗೆರೆ! ಯಂತ್ರ ಸತ್ತಿತೆ? ಇಲ್ಲ. ಆ ಗೆರೆಯೇ ರೋಗ ಎಲ್ಲಿದೆ ಎಂದು ಹೇಳುತ್ತಿದೆ.

ಜಪಾನಿನ ನ್ಯಾಮ್ಕೊ ಕಂಪೆನಿ 1980ರಲ್ಲಿ ಹೊರತಂದ ಈ ಆಟದ ಮಾನಿಟರ್, ನಮ್ಮ ಹಳೆಯ ಟಿ.ವಿ.ಗಳಲ್ಲಿದ್ದಂತಹ ಪಿಕ್ಚರ್ ಟ್ಯೂಬೇ. ಇದರ ಮೂಲ 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ರೂಪಿಸಿದ ಕೊಳವೆ. ಟ್ಯೂಬಿನ ಕುತ್ತಿಗೆಯಿಂದ ಹೊರಟ ಎಲೆಕ್ಟ್ರಾನುಗಳು ಪರದೆಯ ಒಳಮೈಗೆ ಬಳಿದ ಫಾಸ್ಫರಿಗೆ ಬಡಿದಾಗ ಬೆಳಕು ಹೊಮ್ಮುತ್ತದೆ. ಎರಡು ಜೊತೆ ಸುರುಳಿಗಳು ಕಾಂತಶಕ್ತಿಯಿಂದ ಈ ಕಿರಣವನ್ನು ಬಾಗಿಸುತ್ತವೆ. ಒಂದು ಜೊತೆ ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಸಿದರೆ, ಇನ್ನೊಂದು ಆ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿ ಸೆಕೆಂಡಿಗೆ ಸುಮಾರು 60 ಬಾರಿ ಪರದೆ ತುಂಬಿಸುತ್ತದೆ.

ಎರಡನೆಯದು ಕೈಕೊಟ್ಟರೆ? ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾಗುತ್ತವೆ. ಟಿ.ವಿ.ಯಲ್ಲಿ ಅದು ಅಡ್ಡಗೆರೆ. ಪ್ಯಾಕ್-ಮ್ಯಾನ್‌ನಲ್ಲಿ ಮಾನಿಟರನ್ನೇ ಪಕ್ಕಕ್ಕೆ ತಿರುಗಿಸಿ ಕೂರಿಸಿರುವುದರಿಂದ ನಿಂತ ಗೆರೆ.

ಮೊದಲ ಪಾಠ: ಮುಟ್ಟಬೇಡಿ

ಬಣ್ಣದ ಟ್ಯೂಬಿಗೆ 20,000 ವೋಲ್ಟಿಗೂ ಹೆಚ್ಚಿನ ವಿದ್ಯುತ್ ಬೇಕು. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಉಳಿದಿರಬಹುದು. ಗಾಜಿನ ಒಳಮೈ, ಹೊರಮೈ ಎರಡಕ್ಕೂ ವಾಹಕ ಲೇಪವಿರುವುದರಿಂದ ಟ್ಯೂಬೇ ಒಂದು ದೊಡ್ಡ ಕೆಪಾಸಿಟರ್. ಶಾಲೆಯ ಪಾಠದಲ್ಲಿ ಬರುವ ಲೇಡನ್ ಜಾಡಿಯ ಹಾಗೆ. ಅನುಭವಿ ರಿಪೇರಿಗಾರ ಇನ್ಸುಲೇಷನ್ ಹಿಡಿಯ ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಲೋಹದ ಚೌಕಟ್ಟಿಗೆ ಸಿಕ್ಕಿಸಿ, ರಬ್ಬರ್ ಟೋಪಿಯ ಅಡಿಗೆ ತೂರಿಸಿ ಆ ಆವೇಶವನ್ನು ಹರಿಯಬಿಡುತ್ತಾನೆ. ಆಗ ಅವನ ಇನ್ನೊಂದು ಕೈ ಬೆನ್ನ ಹಿಂದೆ! ಎರಡೂ ಕೈ ತಗುಲಿದರೆ ವಿದ್ಯುತ್ತು ಎದೆಯ ಮೂಲಕವೇ ಹಾದುಹೋಗುತ್ತದೆ.

ಲಕ್ಷಣದಿಂದ ಕಾರಣಕ್ಕೆ

ಒಳ್ಳೆಯ ವೈದ್ಯನಂತೆ ರಿಪೇರಿಗಾರನೂ ಮೊದಲು ನೋಡುತ್ತಾನೆ, ಆಮೇಲೆ ಬಿಚ್ಚುತ್ತಾನೆ. ಚಿತ್ರವೂ ಇಲ್ಲ, ಶಬ್ದವೂ ಇಲ್ಲವೆಂದರೆ ಮೊದಲ ಅನುಮಾನ ಮಾನಿಟರಿನ ಮೇಲಲ್ಲ, ಇಡೀ ಯಂತ್ರದ ವಿದ್ಯುತ್ ಪೂರೈಕೆಯ ಮೇಲೆ. ಶಬ್ದವಿದ್ದು ಪರದೆ ಕತ್ತಲೆಯಾಗಿದ್ದರೆ, ಫ್ಯೂಸ್ ಸುಟ್ಟಿದ್ದರೆ, ಅಡ್ಡಗೆರೆ ಎಳೆಸುವ ಟ್ರಾನ್ಸಿಸ್ಟರನ್ನು ಮೀಟರಿನಿಂದ ಪರೀಕ್ಷಿಸಬೇಕು. ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕುವುದು ರಿಪೇರಿಯಲ್ಲ, ಬೆಂಕಿಗೆ ಆಹ್ವಾನ.

ಚಿತ್ರದ ಅಂಚು ಅಲೆಯಂತೆ ಬಳುಕಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿವೆ ಎಂದು ಅನುಮಾನಿಸಬಹುದು. ಅವುಗಳೊಳಗಿನ ದ್ರವ ವರ್ಷಗಟ್ಟಲೆ ಶಾಖಕ್ಕೆ ಆರಿಹೋಗುತ್ತದೆ. ಹಳೆಯ ಮಾನಿಟರಿನಲ್ಲಿ ಒಂದನ್ನು ಬದಲಿಸುವ ಬದಲು ಎಲ್ಲವನ್ನೂ ಬದಲಿಸುವುದೇ ವಾಡಿಕೆ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜ್ ಕಡಿಮೆಯಾಗಕೂಡದು, ಧನ-ಋಣ ತುದಿಗಳು ಅದಲುಬದಲಾಗಕೂಡದು.

ಇನ್ನು ನಮ್ಮ ಗೆರೆ. ಮೊದಲು ಯಂತ್ರವನ್ನು ಆರಿಸಬೇಕು. ಎಲೆಕ್ಟ್ರಾನುಗಳೆಲ್ಲ ಒಂದೇ ಕಡೆ ಬಿದ್ದರೆ ಅಲ್ಲಿನ ಫಾಸ್ಫರ್ ಸುಟ್ಟುಹೋದೀತು. ಟ್ಯೂಬನ್ನು ಬರಿದು ಮಾಡಿದ ಮೇಲೆ ಸುರುಳಿಗಳ ಕನೆಕ್ಟರ್ ಸಡಿಲವಾಗಿದೆಯೆ, ಅದರ ಪಿನ್ನುಗಳ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕಿದೆಯೆ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಎಷ್ಟೋ ಸಲ ಒಂದು ಹನಿ ಹೊಸ ಬೆಸುಗೆಗೆ ಚಕ್ರವ್ಯೂಹ ಮರಳುತ್ತದೆ. ಮರಳದಿದ್ದರೆ ಸರದಿ ಆ ಸರ್ಕಿಟ್ಟಿನ ಟ್ರಾನ್ಸಿಸ್ಟರುಗಳದು.

ವಾಸಿಯಾಗದ ಗಾಯವೂ ಉಂಟು. ಅದೇ ಚಕ್ರವ್ಯೂಹ ವರ್ಷಾನುಗಟ್ಟಲೆ ಬೆಳಗಿದ ಪರದೆಯಲ್ಲಿ, ಯಂತ್ರ ಆರಿಸಿದ ಮೇಲೂ ಅದರ ಮಸುಕು ಗುರುತು ಕಾಣುತ್ತದೆ. ಸವೆದ ಫಾಸ್ಫರಿಗೆ ಮದ್ದಿಲ್ಲ. ದೊಡ್ಡ ಕಂಪೆನಿಗಳು ಇಂತಹ ಟ್ಯೂಬುಗಳ ತಯಾರಿಕೆಯನ್ನೇ ನಿಲ್ಲಿಸಿರುವುದರಿಂದ ಒಡೆದ ಪ್ರತಿ ಟ್ಯೂಬೂ ನಷ್ಟವೇ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲಕೋನಿಯಾದಲ್ಲಿ ಇಂತಹ ಆಟಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿದೆ; ಅಂಥ ಕಡೆ ಬೆಸುಗೆ ಕಡ್ಡಿಯೂ ಇತಿಹಾಸ ಕಾಯುವ ಸಾಧನ.

ಮಕ್ಕಳು ಪಿಕ್ಚರ್ ಟ್ಯೂಬಿಗೆ ಕೈಹಾಕುವುದು ಬೇಡ. ಆದರೆ ಸೆಲ್ಲಿನಿಂದ ನಡೆಯುವ ಕೆಟ್ಟ ರೇಡಿಯೋ ಒಂದನ್ನು ಬಿಚ್ಚಲು ಅಪ್ಪ ಅಮ್ಮ ಅಡ್ಡಿಪಡಿಸಬೇಕಿಲ್ಲ. ಲಕ್ಷಣ ನೋಡಿ ಕಾರಣ ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ತಪ್ಪಾದರೆ ಮತ್ತೆ ಯೋಚಿಸುವುದು: ವಿಜ್ಞಾನವೆಂದರೂ ಇದೇ ತಾನೆ?