ರಿವಾಲ್ವರೋ, ಪಿಸ್ತೂಲೋ?

ಆತ್ಮರಕ್ಷಣೆಗೆಂದು ಲೈಸೆನ್ಸು ಪಡೆದವನಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಬಹುಮಂದಿ ಇದನ್ನು ಗುಂಡುಗಳ ಲೆಕ್ಕದಿಂದಲೇ ತೀರ್ಮಾನಿಸುತ್ತಾರೆ. ನನಗೆ ಅದು ಸರಿದೋರದು. ಎರಡರ ಒಳರಚನೆಯನ್ನು ನೋಡಿದರೆ ಕಾರಣ ತಿಳಿಯುವುದು.

ರಿವಾಲ್ವರಿಗೆ ಸ್ಯಾಮ್ಯುಯೆಲ್ ಕೋಲ್ಟನು ಅಮೆರಿಕೆಯಲ್ಲಿ ಪೇಟೆಂಟು ಪಡೆದುದು ೧೮೩೬ರಲ್ಲಿ. ಅದರ ತಿರುಗುವ ಉರುಳೆಯಲ್ಲಿ ಸಾಮಾನ್ಯವಾಗಿ ಐದಾರು ಗುಂಡುಗಳಿಗೆ ಮನೆಗಳಿರುತ್ತವೆ. ಇಂದಿನ ರಿವಾಲ್ವರುಗಳಲ್ಲಿ ಟ್ರಿಗರನ್ನು ಎಳೆದರೆ ಸಾಕು, ಉರುಳೆ ಒಂದು ಮನೆ ಮುಂದಕ್ಕೆ ತಿರುಗಿ, ಸುತ್ತಿಗೆ ಹಿಂದೆ ಸರಿದು ಬಡಿಯುತ್ತದೆ. ಇದೆಲ್ಲವೂ ಬೆರಳಿನ ಬಲದಿಂದಲೇ ನಡೆಯಬೇಕಾದ್ದರಿಂದ ಟ್ರಿಗರು ಬಿಗಿ, ಗುರಿ ಅಲುಗುವುದುಂಟು. ಆದರೆ ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಎಳೆದರಾಯಿತು, ಮುಂದಿನ ಗುಂಡು ಬಂದು ನಿಲ್ಲುತ್ತದೆ.

ಅರೆಸ್ವಯಂಚಾಲಿತ ಪಿಸ್ತೂಲಿನ ಬಗೆ ಬೇರೆ. ಹಾರಿದ ಗುಂಡಿನ ಒದೆತವೇ ಮೇಲಿನ ಸ್ಲೈಡನ್ನು ಹಿಂದಕ್ಕೆ ತಳ್ಳಿ ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಸ್ಲೈಡು ಮರಳುವಾಗ ಮ್ಯಾಗಜೀನಿನಿಂದ ಇನ್ನೊಂದನ್ನು ನಳಿಗೆಗೆ ಸೇರಿಸುತ್ತದೆ. ೧೯೮೨ರಲ್ಲಿ ಆಸ್ಟ್ರಿಯದ ಸೈನ್ಯ ಸ್ವೀಕರಿಸಿದ ಗ್ಲಾಕ್ ಪಿಸ್ತೂಲಿನ ಮ್ಯಾಗಜೀನಿನಲ್ಲಿ ೧೭ ಗುಂಡುಗಳು! ೧೯೮೬ರ ಏಪ್ರಿಲ್ ೧೧ರಂದು ಮಿಯಾಮಿಯ ಕಾಳಗದಲ್ಲಿ ಎಫ್.ಬಿ.ಐ.ಯ ಇಬ್ಬರು ಸತ್ತು ಐವರು ಗಾಯಗೊಂಡರು. ಅವರಲ್ಲಿ ಹಲವರ ಕೈಯಲ್ಲಿದ್ದುದು ರಿವಾಲ್ವರು. ಪೆಟ್ಟು ತಿಂದ ಕೈಯಿಂದ ಅದಕ್ಕೆ ಮತ್ತೆ ಗುಂಡು ತುಂಬುವುದು ದುಸ್ತರ. ಆ ಬಳಿಕ ಅಲ್ಲಿನ ಪೊಲೀಸರು ಪಿಸ್ತೂಲಿನತ್ತ ಬೇಗ ಹೊರಳಿದರು.

ಆದರೆ ಗೃಹಸ್ಥನು ಪೊಲೀಸನಲ್ಲ. ಪಿಸ್ತೂಲಿನಲ್ಲಿ ಗುಂಡು ಹಾರದಿದ್ದರೆ ಸ್ಲೈಡನ್ನು ಕೈಯಿಂದಲೇ ಹಿಂದಕ್ಕೆಳೆಯಬೇಕು. ಹಿಡಿತ ಸಡಿಲವಾದರೂ ಯಂತ್ರ ಸಿಕ್ಕಿಕೊಳ್ಳಬಹುದು. ಗಾಬರಿಯ ವೇಳೆ ಇದನ್ನೆಲ್ಲ ಮಾಡುವುದು ಅಭ್ಯಾಸವಿದ್ದ ಕೈ ಮಾತ್ರ.

ಕಾಫಿ ತೋಟದ ಒಂಟಿಮನೆಯಲ್ಲಿರುವ ನನ್ನ ಸೋದರಮಾವನಿಗೆ ಈ ವರ್ಷ ಲೈಸೆನ್ಸು ದೊರೆಯಿತು. “ಯಾವುದನ್ನು ಕೊಳ್ಳಲೋ?” ಎಂದು ಕೇಳಿದರು. “ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡುತ್ತೀರಾ ಮಾವ?” ಎಂದೆ. “ವರ್ಷಕ್ಕೊಮ್ಮೆಯಾದರೆ ಪುಣ್ಯ!” ಎಂದು ನಕ್ಕರು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ.

ನಾನು ಹೆಚ್ಚು ಅಂಜುವುದು ಇಲ್ಲಿಯೇ. ಪಿಸ್ತೂಲಿನ ಮ್ಯಾಗಜೀನನ್ನು ಹೊರತೆಗೆದವನು ಅದು ಖಾಲಿಯಾಯಿತೆಂದು ತಿಳಿಯುತ್ತಾನೆ. ನಳಿಗೆಗೆ ಆಗಲೇ ಸೇರಿದ ಒಂದು ಗುಂಡು ಅಲ್ಲಿಯೇ ಕುಳಿತಿರುತ್ತದೆ. ಸ್ಲೈಡನ್ನು ಎಳೆದು, ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿದ ಹೊರತು ನಂಬಕೂಡದು. ರಿವಾಲ್ವರಿನ ಉರುಳೆಯನ್ನು ತೆರೆದರೋ, ಎಲ್ಲ ಮನೆಗಳೂ ಒಂದೇ ನೋಟಕ್ಕೆ ಕಾಣುತ್ತವೆ. ವರ್ಷಕ್ಕೊಮ್ಮೆ ಮುಟ್ಟುವವನಿಗೆ ಹನ್ನೊಂದು ಗುಂಡು ಹೆಚ್ಚಿಗೆ ಸಿಗುವುದಕ್ಕಿಂತ ಇದು ದೊಡ್ಡ ಲಾಭ. ಹಾಗೆಂದು ರಿವಾಲ್ವರು ಮಕ್ಕಳ ಕೈಗೆ ನಿರಪಾಯವೇನಲ್ಲ. ಅನೇಕ ರಿವಾಲ್ವರುಗಳಲ್ಲಿ ಬೆರಳಿನಿಂದ ಹಾಕುವ ತಡೆಗುಂಡಿಯೇ ಇರುವುದಿಲ್ಲ.

ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಸಿಗುವುದು ಬಹುಮಟ್ಟಿಗೆ ೦.೩೨ ಬೋರಿನವು. ಕಾನ್ಪುರದ ಕಾರ್ಖಾನೆ ೨೦೧೪ರಲ್ಲಿ ಹೊರತಂದ ‘ನಿರ್ಭೀಕ’ ರಿವಾಲ್ವರು ಸುಮಾರು ಅರ್ಧ ಕಿಲೋ ತೂಗುತ್ತದೆ. ಅದರಲ್ಲಿ ಆರು ಗುಂಡು.

ಮಾವನವರು ರಿವಾಲ್ವರನ್ನೇ ಆರಿಸಿದ್ದಾರೆ. ಗೋಡೆಯಲ್ಲಿ ಬೀಗದ ಕಬ್ಬಿಣದ ಪೆಟ್ಟಿಗೆ ಕೂರುವವರೆಗೆ ಅದನ್ನು ಮನೆಗೆ ತರಕೂಡದೆಂದು ಅತ್ತೆಯವರ ಷರತ್ತು.