ಔತಣದ ಮೇಜಿಗೆ ಯಾವ ಬಾಟಲಿ?

“ಡಾಕ್ಟ್ರೇ, ಈ ಚೀಟಿ ಒಮ್ಮೆ ನೋಡಿ. ಇದರಲ್ಲಿ ಆರೋಗ್ಯಕ್ಕೆ ತೊಂದರೆ ಇಲ್ಲದ್ದು ಯಾವುದು ಅಂತ ಗುರುತು ಹಾಕಿ ಕೊಡಿ.”

ರಕ್ತದೊತ್ತಡ ನೋಡಿಸಿಕೊಳ್ಳಲು ತಿಂಗಳಿಗೊಮ್ಮೆ ಬರುವ ಬಂಟ್ವಾಳ ಕಡೆಯ ಹಿರಿಯರೊಬ್ಬರು ಕಳೆದ ಡಿಸೆಂಬರಿನಲ್ಲಿ ಹೀಗೆ ಕೇಳಿದರು. ಕ್ರಿಸ್‌ಮಸ್‌ಗೆ ಗಲ್ಫಿನಿಂದ ಮಗ, ಮುಂಬಯಿಯಿಂದ ಅಳಿಯ ಬರುವವರಿದ್ದರು. ಔತಣಕ್ಕೆ ಇಪ್ಪತ್ತೈದು ಜನ, ಅವರಲ್ಲಿ ಕುಡಿಯುವವರು ಹದಿನಾಲ್ಕು. ಚೀಟಿಯಲ್ಲಿ ವಿಸ್ಕಿ ಎರಡು, ರಮ್ ಒಂದು, ಬ್ರಾಂಡಿ ಒಂದು, ಸ್ಟ್ರಾಂಗ್ ಬಿಯರ್ ಹನ್ನೆರಡು ಎಂದಿತ್ತು. ಕೊನೆಯ ಸಾಲಿನಲ್ಲಿ, “ಸೇಬಿನ ಬ್ರಾಂಡಿ ಒಂದು, ಮಗ ತರುವುದು.”

“ಸೇಬು ಅಲ್ವಾ ಡಾಕ್ಟ್ರೇ, ಅದು ಒಳ್ಳೆಯದೇ ಇರಬೇಕು” ಎಂದು ಅವರೇ ತೀರ್ಪು ಕೊಟ್ಟರು.

ವರ್ಷದ ಕೊನೆ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಇಂಥ ಪ್ರಶ್ನೆಗಳು ಹೆಚ್ಚುತ್ತವೆ. ಕ್ರಿಸ್‌ಮಸ್, ಹೊಸ ವರ್ಷ, ಮದುವೆಗೆ ಮುಂಚಿನ ರೋಸ್, ಕಂಬಳ, ನೇಮ, ರಾತ್ರಿ ಇಡೀ ಯಕ್ಷಗಾನ ಎಲ್ಲವೂ ಇದೇ ತಿಂಗಳುಗಳಲ್ಲಿ. ಕುಡಿಯಿರಿ ಎಂದು ವೈದ್ಯನಾದವನು ಹೇಳಲಾರ. ಆದರೆ ಮೇಜು ಹಾಕಿಯೇ ಹಾಕುತ್ತೇವೆ ಎನ್ನುವವರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಹಣ್ಣಿನದಾದರೆ ಒಳ್ಳೆಯದೇ?

ಸೇಬಿನ ಬ್ರಾಂಡಿಗೆ ಹೆಸರಾದದ್ದು ಫ್ರಾನ್ಸಿನ ನಾರ್ಮಂಡಿ ಪ್ರದೇಶ. ಅಲ್ಲಿಯದನ್ನು ಕ್ಯಾಲ್ವಡೋಸ್ ಎನ್ನುತ್ತಾರೆ. ಸೇಬಿನ ರಸವನ್ನು ಹುಳಿ ಬರಿಸಿ, ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಇಡುತ್ತಾರೆ. ಅದರಲ್ಲಿ ಮದ್ಯಸಾರದ ಪ್ರಮಾಣ ಕನಿಷ್ಠ ಶೇ. 40.

ಇದರ ತಮ್ಮ ಎನ್ನಬಹುದಾದದ್ದು ನಮ್ಮ ನೆರೆಯಲ್ಲೇ ಇದೆ. ಗೋವಾದ ಗೇರು ಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮ ಗುಡ್ಡಗಳಲ್ಲಿ ಬೀಜ ಕೊಯ್ದ ಮೇಲೆ ಕೊಳೆಯಲು ಬಿಡುವ ಗೇರು ಹಣ್ಣಿನಲ್ಲಿ ಕಿತ್ತಳೆಗಿಂತ ಹೆಚ್ಚು ‘ಸಿ’ ಜೀವಸತ್ವ ಇದೆ. ಹಾಗಾದರೆ ಫೆನಿಯಲ್ಲೂ ಅದು ಇರಬೇಕಲ್ಲ?

ಇಲ್ಲ. ಭಟ್ಟಿ ಇಳಿಸುವುದೆಂದರೆ ಹಂಡೆಯನ್ನು ಕಾಯಿಸಿ, ಮೇಲೇಳುವ ಆವಿಯನ್ನು ತಣಿಸಿ ಹಿಡಿಯುವುದು. ಆವಿಯಾಗಿ ಬರುವುದು ಮುಖ್ಯವಾಗಿ ಮದ್ಯಸಾರ, ನೀರು ಮತ್ತು ಪರಿಮಳ. ಹಣ್ಣಿನ ಜೀವಸತ್ವ, ನಾರು, ಸಕ್ಕರೆ ಹಂಡೆಯ ತಳದಲ್ಲೇ ಉಳಿಯುತ್ತವೆ. ಸೇಬಿನದಾಗಲಿ, ಗೇರಿನದಾಗಲಿ, ದ್ರಾಕ್ಷಿಯದಾಗಲಿ, ಕಬ್ಬಿನ ಕಾಕಂಬಿಯದಾಗಲಿ, ಲೋಟಕ್ಕೆ ಬಿದ್ದ ಮೇಲೆ ಯಕೃತ್ತಿಗೆ ಎಲ್ಲವೂ ಒಂದೇ. ನಾಲಗೆಗೆ ಮಾತ್ರ ಬೇರೆ ಬೇರೆ.

ಬಾಟಲಿಯ ಲೆಕ್ಕ

ನಮ್ಮ ದೇಶದ ವಿಸ್ಕಿ, ರಮ್, ಬ್ರಾಂಡಿ, ಜಿನ್‌ಗಳ ಲೇಬಲ್ ಓದಿ ನೋಡಿ. ಹೆಚ್ಚಿನವುಗಳಲ್ಲಿ ಶೇ. 42.8 ಎಂದಿರುತ್ತದೆ. 30 ಮಿಲಿಲೀಟರಿನ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇದೆ. 60 ಮಿಲಿಯ ಲಾರ್ಜ್‌ನಲ್ಲಿ 20 ಗ್ರಾಂ. 180 ಮಿಲಿಯ ಕ್ವಾರ್ಟರ್ ಎಂದರೆ ಆರು ಸ್ಮಾಲ್. ಬಿಯರ್ ಕುಡಿಯುವವರು ತಾವು ಏನೂ ಕುಡಿದೇ ಇಲ್ಲ ಎಂಬಂತೆ ಮಾತಾಡುವುದುಂಟು. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯೊಂದರಲ್ಲಿ ನಾಲ್ಕು ಸ್ಮಾಲ್‌ನಷ್ಟು ಮದ್ಯಸಾರ ಇರುತ್ತದೆ.

ಹಿರಿಯರ ಚೀಟಿಯ ಹಿಂದೆ ನಾವಿಬ್ಬರೂ ಕೂಡಿಸಿ ನೋಡಿದೆವು. 750 ಮಿಲಿಯ ನಾಲ್ಕು ಬಾಟಲಿಗಳಿಂದ 100 ಸ್ಮಾಲ್. ಸೇಬಿನ ಬ್ರಾಂಡಿ 700 ಮಿಲಿ, ಅದರಿಂದ 22. ಬಿಯರಿನಿಂದ 48. ಒಟ್ಟು 170. ಹದಿನಾಲ್ಕು ಜನರಿಗೆ ಹಂಚಿದರೆ ತಲಾ ಹನ್ನೆರಡು!

“ಅಷ್ಟು ಯಾರೂ ಕುಡಿಯುವುದಿಲ್ಲ ಡಾಕ್ಟ್ರೇ” ಎಂದರು. ಮೇಜಿನ ಮೇಲೆ ಇದ್ದರೆ ಕುಡಿಯುವವರಿರುತ್ತಾರೆ. ತಲಾ ಎರಡು ಸ್ಮಾಲ್ ಎಂದಿಟ್ಟುಕೊಂಡರೂ ಒಂದು ಬಾಟಲಿ ಮತ್ತು ಒಂದು ಬಿಯರಿಗೆ ಲೆಕ್ಕ ಮುಗಿಯಿತು. ಎರಡು ಸ್ಮಾಲ್‌ನಿಂದ ಅಪಾಯವಿಲ್ಲ ಎಂದು ಇದರ ಅರ್ಥವಲ್ಲ. ಮದ್ಯಸಾರ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂದು ಇನ್ನೂ ನಂಬಿರುವವರು ಇದನ್ನು ಗಮನಿಸಬೇಕು.

ಬ್ರಾಂಡಿ ಔಷಧವಲ್ಲ

ಶೀತಕ್ಕೆ ಒಂದು ಚಮಚ ಬ್ರಾಂಡಿ, ಬಾಣಂತಿಗೆ ದಿನಾ ಸ್ವಲ್ಪ ಬ್ರಾಂಡಿ ಎಂಬ ನಂಬಿಕೆ ನಮ್ಮ ಕರಾವಳಿಯ ಹಲವು ಮನೆಗಳಲ್ಲಿದೆ. ಬ್ರಾಂಡಿ ಕುಡಿದಾಗ ಮೈ ಬಿಸಿಯಾದಂತೆ ಅನಿಸುವುದು ನಿಜ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿ ಹೊರಗೆ ಹೋಗುವಾಗ ಆಗುವ ಅನುಭವ ಅದು. ದೇಹ ಬಿಸಿ ಕಳೆದುಕೊಳ್ಳುತ್ತದೆಯೇ ಹೊರತು ಗಳಿಸುವುದಿಲ್ಲ. ಬಾಣಂತಿ ಕುಡಿದದ್ದು ಎದೆಹಾಲಿಗೂ ಬರುತ್ತದೆ, ಹಾಲು ಇಳಿಯುವುದಕ್ಕೂ ಅಡ್ಡಿಯಾಗುತ್ತದೆ. ಗರ್ಭಿಣಿ ಕುಡಿದರೆ ಮಗುವಿನ ಮಿದುಳಿಗೆ ಹಾನಿಯಾಗಬಹುದು. ಮಕ್ಕಳ ಬಾಯಿಗೆ ಚಮಚದಲ್ಲಿ ಹಾಕುವ ಪದ್ಧತಿಯನ್ನಂತೂ ಕೂಡಲೇ ನಿಲ್ಲಿಸಬೇಕು. ಕ್ರಿಸ್‌ಮಸ್‌ಗೆ ಮನೆಯಲ್ಲೇ ಮಾಡುವ ದ್ರಾಕ್ಷಿ ವೈನ್ ಕೂಡ ವೈನೇ. “ಮನೆಯದ್ದಲ್ಲವಾ, ಮಕ್ಕಳಿಗೂ ಇರಲಿ” ಎನ್ನುವುದು ತಪ್ಪು.

ಗುಡ್ಡದ ಬದಿಯಲ್ಲಿ ಕದ್ದು ಇಳಿಸಿದ ಸಾರಾಯಿ ಅಸಲಿ ಮಾಲು ಎಂದು ಹೊಗಳುವವರಿದ್ದಾರೆ. ಪರವಾನಗಿ ಇಲ್ಲದ ಯಾವ ದ್ರವವೂ ಮೇಜಿಗೆ ಬರಬಾರದು. ಅದರಲ್ಲಿ ಮೆಥನಾಲ್ ಎಂಬ ವಿಷ ಬೆರೆತಿದ್ದರೆ ಬಣ್ಣ, ವಾಸನೆಗಳಿಂದ ಗೊತ್ತಾಗುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿಗೆ ಮತ್ತೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಕುಡಿದ ಮರುದಿನ ಕಣ್ಣು ಮಂಜಾಗುವುದು, ಹೊಟ್ಟೆನೋವು, ಏದುಸಿರು ಕಂಡರೆ ಅಮಲಿನ ತಲೆನೋವು ಎಂದು ಮಲಗಿಸದೆ ಆಸ್ಪತ್ರೆಗೆ ಒಯ್ಯಿರಿ.

ಮಾತ್ರೆ ತಿನ್ನುವವರು

ಮೂಡುಬಿದಿರೆ ಕಡೆಯ ಒಂದು ಮದುವೆ ಮನೆಯಲ್ಲಿ ನಡೆದದ್ದು ಇದು. ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುತ್ತಿದ್ದ ಐವತ್ತರ ಆಸುಪಾಸಿನವರೊಬ್ಬರು ಸಂಜೆಯ ಮಾತ್ರೆ ನುಂಗಿ, ಊಟ ತಡವಾದ್ದರಿಂದ ಬರಿ ಹೊಟ್ಟೆಯಲ್ಲೇ ಮೂರು ಲಾರ್ಜ್ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಮಾತು ತೊದಲಿತು, ಮೈ ಬೆವರಿತು, ಕುರ್ಚಿಯಲ್ಲೇ ಕುಸಿದರು. “ಹೆಚ್ಚಾಯ್ತು ಮಾರಾಯ್ರೇ, ಮಲಗಲಿ” ಎಂದು ಎಲ್ಲರೂ ನಕ್ಕು ಒಳಗೆ ಮಲಗಿಸಿದರು. ನರ್ಸ್ ಆಗಿದ್ದ ನೆಂಟರ ಹುಡುಗಿಯೊಬ್ಬಳು ಅನುಮಾನದಿಂದ ಮನೆಯಲ್ಲಿದ್ದ ಯಂತ್ರದಲ್ಲಿ ರಕ್ತ ಪರೀಕ್ಷಿಸಿದಾಗ ಸಕ್ಕರೆ 38ಕ್ಕೆ ಇಳಿದಿತ್ತು. ಆಸ್ಪತ್ರೆಗೆ ಒಯ್ದು ಗ್ಲೂಕೋಸ್ ಕೊಟ್ಟದ್ದರಿಂದ ಬದುಕಿದರು. ಬೆಳಗಿನ ತನಕ ಬಿಟ್ಟಿದ್ದರೆ ಏಳುತ್ತಿದ್ದರೋ ಇಲ್ಲವೋ.

ಹಸಿದಾಗ ರಕ್ತಕ್ಕೆ ಸಕ್ಕರೆ ಬಿಡುಗಡೆ ಮಾಡುವುದು ಯಕೃತ್ತಿನ ಕೆಲಸ. ಮದ್ಯಸಾರ ಬಂದಾಗ ಅದು ಈ ಕೆಲಸವನ್ನು ಬದಿಗಿಟ್ಟು ಮದ್ಯಸಾರದ ವಿಲೇವಾರಿಗೆ ತೊಡಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಂಡವರಿಗೆ ಆಗ ಸಕ್ಕರೆ ಕುಸಿಯುತ್ತದೆ. ಕುಸಿದವನಿಗೂ ಕುಡಿದವನಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ನಿದ್ರೆ ಮಾತ್ರೆ, ಅಪಸ್ಮಾರದ ಮಾತ್ರೆ, ಕ್ಷಯರೋಗದ ಮಾತ್ರೆ, ನೋವಿನ ಮಾತ್ರೆ ತಿನ್ನುವವರು, ಕಾಮಾಲೆ ಆಗಿ ಚೇತರಿಸುತ್ತಿರುವವರು ಲೋಟ ಮುಟ್ಟಲೇಬಾರದು. ಎಬ್ಬಿಸಿದರೆ ಏಳದವರನ್ನು ಒಬ್ಬರೇ ಬಿಟ್ಟು ಹೋಗಬೇಡಿ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ನಿಂಬೆ ನೀರು ಸುರಿಯದೆ 108ಕ್ಕೆ ಕರೆ ಮಾಡಿ.

ಮರುದಿನದ ಅಡಿಕೆ ಮರ

ಯಕೃತ್ತು ಒಂದು ಸ್ಮಾಲ್ ಅನ್ನು ಕರಗಿಸಲು ಸುಮಾರು ಒಂದು ಗಂಟೆ ಬೇಕು. ಕಪ್ಪು ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಅವಸರಪಡಿಸಲಾರದು. ರಾತ್ರಿ ಹನ್ನೊಂದಕ್ಕೆ ಎಂಟು ಸ್ಮಾಲ್ ಮುಗಿಸಿದವನ ರಕ್ತದಲ್ಲಿ ಬೆಳಗ್ಗೆ ಐದಕ್ಕೂ ಮದ್ಯಸಾರ ಉಳಿದಿರಬಹುದು. ಬೆಳ್ತಂಗಡಿ ಕಡೆ ನಸುಕಿನಲ್ಲೇ ತಲೆಗೆ ದೀಪ ಕಟ್ಟಿ ರಬ್ಬರ್ ಟ್ಯಾಪಿಂಗಿಗೆ ಹೊರಡುವವರು, ಅಡಿಕೆ ಕೊಯ್ಲಿಗೆ ಮರ ಹತ್ತುವವರು, ಮೊದಲ ಬಸ್ಸು ಹೊರಡಿಸುವ ಚಾಲಕರು ಇದನ್ನು ನೆನಪಿಡಬೇಕು. ವಾಹನ ಚಾಲಕರ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ. ಬಿ.ಸಿ. ರೋಡಿನ ವಾಹನ ದಟ್ಟಣೆಯಲ್ಲಿ, ಚಾರ್ಮಾಡಿಯ ತಿರುವುಗಳಲ್ಲಿ ದಂಡಕ್ಕಿಂತ ದೊಡ್ಡ ಬೆಲೆ ತೆರಬೇಕಾಗಬಹುದು.

ಆತಿಥ್ಯ ನೀಡುವವರು ಮೊದಲು ಊಟ ಕೊಡಲಿ. ಬರಿ ಹೊಟ್ಟೆಗೆ ಬಿದ್ದದ್ದು ಬೇಗ ರಕ್ತ ಸೇರುತ್ತದೆ. ಅಳತೆಯ ಲೋಟ ಇರಲಿ, ಕಣ್ಣಂದಾಜಿನಲ್ಲಿ ಸುರಿಯುವುದು ಬೇಡ. “ಇನ್ನೊಂದು ಹಾಕಿ” ಎಂಬ ಒತ್ತಾಯ ನಮ್ಮ ಉಪಚಾರದ ಕ್ರಮ. ಸಣ್ಣಕ್ಕೆ, ನೀರುದೋಸೆಗೆ ಅದು ಸರಿ, ಬಾಟಲಿಗೆ ಸಲ್ಲದು. ಬೊಂಡ, ಪುನರ್ಪುಳಿ ಶರಬತ್ತು, ಜೀರಿಗೆ ಹಾಕಿದ ಮಜ್ಜಿಗೆ ಮೇಜಿನ ನಡುವೆಯೇ ಇರಲಿ, ಮೂಲೆಯಲ್ಲಲ್ಲ.

ಕೊನೆಗೆ ಕೇಳಿದ ಪ್ರಶ್ನೆ

ಇಷ್ಟು ಹೇಳಿ ಚೀಟಿ ಹಿಂದಿರುಗಿಸಿದರೂ ಹಿರಿಯರು ಏಳಲಿಲ್ಲ. “ನನ್ನ ಭಾವನವರೂ ಬರುತ್ತಾರೆ. ಮದ್ಯವರ್ಜನ ಶಿಬಿರ ಮುಗಿಸಿ ನಾಲ್ಕು ತಿಂಗಳಾಯಿತು. ಅವರ ಎದುರಿಗೆ ಇಡುವುದು ಹೇಗೆ?” ಎಂದರು. ಅವರು ಬಂದದ್ದೇ ಇದನ್ನು ಕೇಳಲಿಕ್ಕೆ ಎಂದು ನನಗೆ ಆಗ ಅರ್ಥವಾಯಿತು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಇಂಥ ಶಿಬಿರಗಳನ್ನು ನಮ್ಮ ಊರಿನವರಿಗೆ ಪರಿಚಯಿಸಬೇಕಿಲ್ಲ. ಶಿಬಿರದಲ್ಲಿ ಬಿಡುವುದು ಒಂದು ಹಂತ. ಹೊರಗೆ ಬಂದ ಮೇಲಿನ ಮೊದಲ ಹಬ್ಬ, ಮೊದಲ ಮದುವೆ ಇನ್ನೂ ಕಠಿಣ. ‘ಒಂದೇ ಒಂದು, ಹಬ್ಬಕ್ಕೆ’ ಎಂಬ ನೆಂಟರ ಮಾತಿನಿಂದ ಮತ್ತೆ ಹಳೆಯ ದಾರಿಗೆ ಬಿದ್ದವರನ್ನು ನಾನು ಕಂಡಿದ್ದೇನೆ. ಡೈಸಲ್ಫಿರಾಮ್ ಮಾತ್ರೆ ತಿನ್ನುತ್ತಿರುವವರು ಸ್ವಲ್ಪ ಕುಡಿದರೂ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕೇಕನ್ನೂ ಅವರಿಗೆ ಕೊಡಬಾರದು. ಈ ಮಾತ್ರೆಯನ್ನು ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಮನೆಯವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಕೈನಡುಕ, ಬೆವರು, ಫಿಟ್ಸ್ ಬರಬಹುದು. ಅದಕ್ಕೂ ವೈದ್ಯರ ನೆರವು ಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

“ನಿಮ್ಮ ಭಾವ ನಾಲ್ಕು ತಿಂಗಳು ಕಷ್ಟಪಟ್ಟಿದ್ದಾರೆ. ನೀವು ಒಂದು ರಾತ್ರಿ ಬಿಡಲಿಕ್ಕಾಗುವುದಿಲ್ಲವೇ?” ಎಂದೆ. ಅವರು ಉತ್ತರಿಸಲಿಲ್ಲ. ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಹೋದರು.

ಜನವರಿಯಲ್ಲಿ ರಕ್ತದೊತ್ತಡ ನೋಡಿಸಲು ಬಂದಾಗ ನಾನೇ ಕೇಳಿದೆ, ಹಬ್ಬ ಹೇಗಾಯಿತೆಂದು. “ಮೇಜು ಹಾಕಲೇ ಇಲ್ಲ ಡಾಕ್ಟ್ರೇ. ಮಗನಿಗೆ ಮೊದಲು ಬೇಜಾರಾಯಿತು. ಆಮೇಲೆ ಅವನೇ ಎಲ್ಲರಿಗೂ ಪುನರ್ಪುಳಿ ಹಂಚಿದ. ಭಾವ ರಾತ್ರಿ ಒಂದು ಗಂಟೆವರೆಗೆ ಕೂತು ಇಸ್ಪೀಟ್ ಆಡಿದರು” ಎಂದರು.

“ಸೇಬಿನ ಬ್ರಾಂಡಿ?”

“ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ, ಒಡೆದಿಲ್ಲ. ಕೀ ನನ್ನ ಹೆಂಡತಿಯ ಹತ್ತಿರ ಇದೆ.”